ಸ್ಪಿತಿಗೆ ಮೂರು ಬೈಕು, ಒಂದು ಟೂಲ್ ಚೀಲ

ಹಿಮಾಚಲದ ಸ್ಪಿತಿಗೆ ಬೈಕಲ್ಲಿ ಹೋಗಲು ಎರಡು ದಾರಿ. ಮನಾಲಿ ಕಡೆಯಿಂದ ಹೋದರೆ ಕುಂಜುಮ್ ಪಾಸ್ ಹತ್ತಿ ಒಂದೇ ದಿನಕ್ಕೆ ಸ್ಪಿತಿಯ ಮುಖ್ಯ ಊರು ಕಾಜಾ ಸೇರಬಹುದು. ಶಿಮ್ಲಾ ಕಡೆಯಿಂದ ಕಿನ್ನೌರ್ ಸುತ್ತಿಕೊಂಡು ಹೋದರೆ ನಾಲ್ಕೈದು ದಿನ ಬೇಕು. ನಾವು ಶಿಮ್ಲಾ ದಾರಿ ಹಿಡಿದೆವು. ಎತ್ತರ ನಿಧಾನವಾಗಿ ಏರುವುದರಿಂದ ಮೈ ಒಗ್ಗಿಕೊಳ್ಳುತ್ತದೆ. ಆದರೆ ಇದರಲ್ಲಿ ಒಂದು ತಕರಾರಿದೆ. ಇಡೀ ದಾರಿಯಲ್ಲಿ ಅತಿ ಕೆಟ್ಟದ್ದು ಬಾತಲ್‌ನಿಂದ ಗ್ರಾಂಫೂವರೆಗಿನ ಸುಮಾರು 50 ಕಿ.ಮೀ. ಅದು ಬರುವುದೇ ಕೊನೆಗೆ. ಅಷ್ಟೊತ್ತಿಗೆ ಸವಾರನ ಮೈ ಪಳಗಿರುತ್ತದೆ, ಬೈಕು ಮಾತ್ರ ಹಣ್ಣಾಗಿರುತ್ತದೆ.

ಇದು ಗೊತ್ತಿದ್ದೇ ಮೇಷ್ಟ್ರು ಒಂದು ಕರಾರು ಹಾಕಿದ್ದರು. ದಿನಾ ಸಂಜೆ, ಚಹಾಕ್ಕೆ ಮೊದಲು, ಮೂರೂ ಬೈಕು ನೋಡಬೇಕು. ಮೇಷ್ಟ್ರು ಅಂದರೆ ಸಾಗರದ ಕಡೆಯ ಹೈಸ್ಕೂಲ್ ಮೇಷ್ಟ್ರು, ಎಕ್ಸ್‌ಪಲ್ಸ್ ಸವಾರ. ಮಳೆಗಾಲದಲ್ಲಿ ತೋಟದ ಕೆಸರಲ್ಲೇ ಬೈಕು ಕಲಿತವರು. ನನ್ನದು 411 ಸಿಸಿ ಹಿಮಾಲಯನ್. ಇವೆರಡನ್ನೂ ಬೆಂಗಳೂರಿನಿಂದ ಚಂಡೀಗಢಕ್ಕೆ ರೈಲಲ್ಲಿ ಪಾರ್ಸೆಲ್ ಹಾಕಿದ್ದೆವು. ಮೂರನೆಯವನು ಹುಬ್ಬಳ್ಳಿಯ ಗೆಳೆಯ. ಅವನ ಹೆಸರು ನಮಗೆ ಮರೆತೇ ಹೋಗಿದೆ ಅನ್ನಬೇಕು, ಎಲ್ಲರೂ ಹುಬ್ಬಳ್ಳಿ ಅಂತಲೇ ಕರೆಯುತ್ತೇವೆ. ಅವನು ಚಂಡೀಗಢದಲ್ಲೇ ಒಂದು ಬೈಕು ಬಾಡಿಗೆಗೆ ತಗೊಂಡಿದ್ದ. ತಿಂಗಳು ಸೆಪ್ಟೆಂಬರ್. ಮಳೆ ಹಿಂದೆ ಸರಿದಿರುತ್ತದೆ, ರಸ್ತೆಗೆ ಅಡ್ಡ ಹರಿಯುವ ನಾಲಾಗಳ, ಅಂದರೆ ಬೆಟ್ಟದ ತೊರೆಗಳ, ನೀರು ಇಳಿದಿರುತ್ತದೆ, ಕುಂಜುಮ್ ಇನ್ನೂ ಮುಚ್ಚಿರುವುದಿಲ್ಲ.

ದಿನ 1: ಶಿಮ್ಲಾದಿಂದ ಸರಾಹನ್

ಶಿಮ್ಲಾದಲ್ಲಿ ಹೊರಡುವ ಮುಂಚೆ ಮೇಷ್ಟ್ರು ಬಾಡಿಗೆ ಬೈಕಿನ ಸುತ್ತ ಕೂತರು. ಚೈನ್ ಎಳೆದು ನೋಡಿದರು. ಬ್ರೇಕ್ ಪ್ಯಾಡಿಗೆ ಟಾರ್ಚ್ ಬಿಟ್ಟರು, ಅರ್ಧ ಸವೆದಿತ್ತು. ಆಮೇಲೆ ಒಂದು ಸ್ಪ್ಯಾನರ್ ತಗೊಂಡು ಚಕ್ರದ ಸ್ಪೋಕ್ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದರು. ಬಿಗಿಯಾಗಿರುವ ಕಡ್ಡಿ ಟಿಣ್ ಅನ್ನುತ್ತದೆ, ಸಡಿಲಾಗಿದ್ದರೆ ಟಪ್ ಅಂತ ಸತ್ತ ಶಬ್ದ. ಹಿಂದಿನ ಚಕ್ರದಲ್ಲಿ ಎರಡು ಟಪ್ ಸಿಕ್ಕವು, ಬಿಗಿ ಮಾಡಿದರು. ಕ್ಲಚ್ ಮತ್ತು ಬ್ರೇಕ್ ಲಿವರಿನ ಕ್ಲ್ಯಾಂಪನ್ನು ಬೇಕಂತಲೇ ಸ್ವಲ್ಪ ಸಡಿಲ ಬಿಟ್ಟರು. ಬೈಕು ಬಿದ್ದಾಗ ಲಿವರ್ ಹ್ಯಾಂಡಲ್ ಮೇಲೆ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ.

"ಮೇಷ್ಟ್ರ, ನಾವು ಗಾಡಿ ಓಡಿಸಾಕ್ ಬಂದೇವೋ, ಬಿಚ್ಚಾಕ್ ಬಂದೇವೋ?" ಅಂತ ಹುಬ್ಬಳ್ಳಿ ಕೇಳಿದ.

ನಾರ್ಕಂಡಾ, ರಾಂಪುರ, ಜ್ಯೋರಿ ದಾಟಿ ಸರಾಹನ್. ಎಲ್ಲಾ ಟಾರ್ ರಸ್ತೆ. ಭೀಮಾಕಾಳಿ ದೇವಸ್ಥಾನಕ್ಕೆ ಹೋಗಿ ಬಂದೆವು, ಮಲಗಿದೆವು.

ದಿನ 2: ಸರಾಹನ್‌ನಿಂದ ಕಲ್ಪಾ

ಕಿನ್ನೌರ್‌ನಲ್ಲಿ ಬಂಡೆಯನ್ನೇ ಕೊರೆದು ರಸ್ತೆ ಮಾಡಿದ್ದಾರೆ. ತಲೆ ಮೇಲೆ ಬಂಡೆ, ಪಕ್ಕದಲ್ಲಿ ಸಟ್ಲೆಜ್ ನದಿ. ರಿಕಾಂಗ್ ಪಿಯೊ ಹತ್ತಿರದ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಬೇಕು, ಇನ್ನು ನಂಬಿಕೊಳ್ಳಬಹುದಾದ ಬಂಕ್ ಅಂದರೆ ಕಾಜಾದ್ದೇ. ಕಲ್ಪಾದಲ್ಲಿ ಕೋಣೆ ಸಿಕ್ಕಿತು, ಎದುರಿಗೆ ಕಿನ್ನರ ಕೈಲಾಸ. ಸಂಜೆ ನೋಡಿದಾಗ ನನ್ನ ಬೈಕಿನ ಲಗೇಜ್ ರ‍್ಯಾಕಿನ ಒಂದು ಬೋಲ್ಟ್ ಕೈಯಲ್ಲೇ ತಿರುಗುತ್ತಿತ್ತು. ಬಿಗಿ ಮಾಡಿ, ಬೋಲ್ಟಿನ ತಲೆ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದೆ. ಗೆರೆ ಜಾಗ ಬದಲಿಸಿದರೆ ಬೋಲ್ಟ್ ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ದಿನ 3: ಕಲ್ಪಾದಿಂದ ತಾಬೋ

ಖಾಬ್ ಸೇತುವೆ ಹತ್ತಿರ ಸ್ಪಿತಿ ನದಿ ಸಟ್ಲೆಜ್ ಸೇರುತ್ತದೆ. ಅಲ್ಲಿಂದ ತಿರುವು ತಿರುವಾಗಿ ಹತ್ತಿದರೆ ನಾಕೋ. ಎತ್ತರ ಸುಮಾರು 3,600 ಮೀಟರ್. ಮರಗಿಡ ಮುಗಿದು ಬರೀ ಮಣ್ಣು, ಕಲ್ಲು. ನಾಕೋ ದಾಟಿ ಮಲ್ಲಿಂಗ್ ನಾಲಾ ಕಡೆ ಹೋಗುವಾಗ ನನ್ನ ಬೈಕಿನ ಹಿಂಭಾಗ ಅತ್ತಿತ್ತ ಜಾರಾಡತೊಡಗಿತು. ಹಿಂದಿನ ಟೈರು ಪಂಕ್ಚರ್.

ಅದು ಆದ ಜಾಗ ಸರಿ ಇರಲಿಲ್ಲ. ಮೇಲಿನಿಂದ ಕಲ್ಲು ಉರುಳುವ ಜಾಗ, ಎಚ್ಚರಿಕೆಯ ಬೋರ್ಡೂ ಇತ್ತು. ಸಣ್ಣ ಕಲ್ಲುಗಳು ರಸ್ತೆ ಮೇಲೇ ಬಿದ್ದಿದ್ದವು. ಗಾಳಿ ಇಲ್ಲದ ಟೈರಿನಲ್ಲಿ ಓಡಿಸಿದರೆ ಟ್ಯೂಬ್ ಹರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹರಿಯಲಿ ಬಿಡಿ, ಟ್ಯೂಬಿನ ಬೆಲೆ ಎಷ್ಟು? ಒಂದನೇ ಗೇರಲ್ಲಿ, ನಡೆಯುವ ವೇಗದಲ್ಲಿ, ನಾನು ಮುಂದಕ್ಕೆ ಕೂತು ಹಿಂದಿನ ಭಾರ ಕಡಿಮೆ ಮಾಡಿಕೊಂಡು ಹೊರಟೆ. ಬಂಡೆ ಮುಗಿದು ರಸ್ತೆ ಅಗಲವಾಗುವಲ್ಲಿ ನಿಲ್ಲಿಸಿದೆ. ಪಂಕ್ಚರ್ ಆದ ಜಾಗದಲ್ಲೇ ಕೂತು ಚಕ್ರ ಬಿಚ್ಚುವವರನ್ನು ಈ ದಾರಿಯಲ್ಲಿ ನೋಡಿದ್ದೇನೆ. ನೋಡಿದರೆ ಎದೆ ಝಲ್ ಅನ್ನುತ್ತದೆ.

ಸ್ಪೋಕ್ ಚಕ್ರ, ಒಳಗೆ ಟ್ಯೂಬ್. ಪಟ್ಟಿ ತುರುಕಿ ಗಾಳಿ ಹೊಡೆದು ಹೋಗುವ ಟ್ಯೂಬ್‌ಲೆಸ್ ಸುಖ ಇಲ್ಲಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಇಳಿಸಿದೆವು. ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿತ್ತು, ತುಳಿದರೂ ಬಿಡಲಿಲ್ಲ. ಮೇಷ್ಟ್ರು ಚಕ್ರವನ್ನು ನೆಲದ ಮೇಲೆ ಮಲಗಿಸಿ, ತಮ್ಮ ಬೈಕಿನ ಸೈಡ್ ಸ್ಟ್ಯಾಂಡನ್ನು ಟೈರಿನ ಅಂಚಿಗೆ ಇಟ್ಟು, ಬೈಕಿನ ಭಾರವನ್ನೆಲ್ಲಾ ಆ ಕಡೆ ಒರಗಿಸಿದರು. ಪಟ್ ಅಂತ ಬಿಟ್ಟಿತು. ಟೈರ್ ಲಿವರ್ ಹಾಕಿ ಒಂದು ಬದಿ ಎಬ್ಬಿಸಿ ಟ್ಯೂಬ್ ಎಳೆದೆವು. ನಡೆಸಿಕೊಂಡು ಬಂದದ್ದಕ್ಕೆ ವಾಲ್ವಿನ ಬುಡದಲ್ಲೇ ಹರಿದಿತ್ತು, ಪ್ಯಾಚಿಗೆ ಕೂರುವಂಥದ್ದಲ್ಲ.

ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ನೋಡಲೇಬೇಕು. ಮೆಲ್ಲಗೆ, ಬೆರಳು ಕೊಯ್ಯದ ಹಾಗೆ. ಉಗುರಿನಷ್ಟು ಉದ್ದದ ಚೂಪಾದ ಕಲ್ಲಿನ ಚೂರು ರಬ್ಬರಿನಲ್ಲಿ ನೆಟ್ಟುಕೊಂಡಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಹೊಸ ಟ್ಯೂಬು ನಾಲ್ಕು ಕಿಲೋಮೀಟರ್ ಹೋಗುತ್ತಿರಲಿಲ್ಲ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗಿಟ್ಟೆವು. ಚಪ್ಪಟೆ ಟ್ಯೂಬ್ ಹಾಕಿದರೆ ಲಿವರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಮತ್ತೆ ತೂತಾಗುತ್ತದೆ. ಕೊನೆಯ ಒಂದು ಗೇಣು ಅಂಚು ಯಾವಾಗಲೂ ಸತಾಯಿಸುತ್ತದೆ. ಎದುರು ಬದಿಯ ಅಂಚನ್ನು ಮೊಣಕಾಲಲ್ಲಿ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ ಹಿಡಿದರೆ ಈ ಬದಿ ಸಲೀಸಾಗಿ ಕೂರುತ್ತದೆ. ಆಮೇಲೆ ಕೈ ಪಂಪು. ಆ ಎತ್ತರದಲ್ಲಿ ಇಪ್ಪತ್ತು ಸಲ ಒತ್ತುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಸರದಿ ಹಾಕಿಕೊಂಡು ಒತ್ತಿದೆವು.

ಎಲ್ಲಾ ಸೇರಿ ಒಂದೂವರೆ ಗಂಟೆ ಹಿಡಿಯಿತು. ಮನೆ ಮುಂದೆ ಒಂದು ಸಲವಾದರೂ ಚಕ್ರ ಬಿಚ್ಚಿ ಹಾಕದೆ ಈ ಕಡೆ ಬಂದರೆ ಅರ್ಧ ದಿನವೇ ಹೋಗುತ್ತದೆ. ಇನ್ನೊಂದು ವಿಷಯ: ಜಾಗ ಇಲ್ಲದಿದ್ದರೆ ಮುಂದಿನ 21 ಇಂಚಿನ ಟ್ಯೂಬೊಂದನ್ನೇ ಒಯ್ದರೂ ನಡೆಯುತ್ತದೆ. ತೀರಾ ಕಷ್ಟ ಬಂದಾಗ ಅದನ್ನೇ ಮಡಚಿ ಹಿಂದಿನ ಚಕ್ರಕ್ಕೆ ತುರುಕಿ ಮುಂದಿನ ಊರು ಸೇರಬಹುದು.

ಸುಮ್ದೋ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ ತಾಬೋ ಸೇರುವಾಗ ಕತ್ತಲಾಗುತ್ತಿತ್ತು. ಇಲ್ಲಿನ ಬೌದ್ಧ ವಿಹಾರ ಕಟ್ಟಿದ್ದು ಕ್ರಿ.ಶ. 996ರಲ್ಲಿ. ಹೊರಗೆ ಬರೀ ಮಣ್ಣಿನ ಗೋಡೆ, ಒಳಗೆ ಚಿತ್ರಗಳು. ಅದನ್ನು ಬೆಳಿಗ್ಗೆ ನೋಡಿದರಾಯಿತು ಅಂತ ನಾವು ಬೈಕಿನ ಹತ್ತಿರ ಕೂತೆವು. ಮೇಷ್ಟ್ರ ಟಾರ್ಚ್ ನನ್ನ ಕ್ಲಚ್ ಲಿವರಿನ ಬುಡದಲ್ಲಿ ನಿಂತಿತು. ಕೇಬಲಿನ ಗುಂಡು ಕೂರುವ ಜಾಗದಲ್ಲಿ ತಂತಿಯ ಒಂದು ಎಳೆ ತುಂಡಾಗಿ ಮೇಲೆದ್ದಿತ್ತು. ಮೀಸೆಯ ಕೂದಲಿನಷ್ಟು ಸಣ್ಣದು.

"ಒಂದೆಳೆ ಅಷ್ಟೇ ಅಲ್ವಾ?" ಅಂದೆ.

"ಇವತ್ತು ಒಂದು ಮಾರಾಯ. ನಾಳೆ ಮೂರು ಹೋದ್ರೆ ನಾಡಿದ್ದು ಎಂಟು," ಅಂದರು ಮೇಷ್ಟ್ರು.

ದಿನ 4: ತಾಬೋದಿಂದ ಕಾಜಾ

ಬರೀ 47 ಕಿ.ಮೀ. ನಡುವೆ ಧಂಕರ್‌ಗೆ ಹತ್ತಿ ಇಳಿದೆವು. ಕ್ಲಚ್ ಆದಷ್ಟು ಕಡಿಮೆ ಒತ್ತುತ್ತಾ ಬಂದೆ. ಓಡುತ್ತಿರುವಾಗ ಆಕ್ಸಿಲರೇಟರ್ ಬಿಟ್ಟ ಕ್ಷಣ ಗೇರನ್ನು ಮೆಲ್ಲಗೆ ತಳ್ಳಿದರೆ ಕ್ಲಚ್ ಇಲ್ಲದೆಯೂ ಬೀಳುತ್ತದೆ. ಕೇಬಲ್ ಪೂರ್ತಿ ಹೋದರೂ ಹೀಗೇ ಊರು ಸೇರಬಹುದು. ಹೊರಡುವುದು ಮತ್ತು ನಿಲ್ಲಿಸುವುದು ಮಾತ್ರ ಕಷ್ಟ. ಹೊರಡಲು ನ್ಯೂಟ್ರಲ್‌ನಲ್ಲಿ ಚಾಲೂ ಮಾಡಿ, ಯಾರಾದರೂ ತಳ್ಳಿ ಬೈಕು ಉರುಳುತ್ತಿರುವಾಗ ಗೇರ್ ಒತ್ತಬೇಕು. ನಿಲ್ಲುವ ಮುಂಚೆ ನ್ಯೂಟ್ರಲ್ ಹುಡುಕಿಕೊಳ್ಳಬೇಕು.

ಹಾಗೆ ಮಾಡುವ ಪ್ರಮೇಯ ಬರಲಿಲ್ಲ. ಕಾಜಾ ತಲುಪಿದ ಮಧ್ಯಾಹ್ನವೇ ಕೇಬಲ್ ಬದಲಿಸಿದೆವು. ಹಳೇ ಕೇಬಲಿನ ತುದಿಗೆ ಹೊಸದರ ತುದಿಯನ್ನು ಟೇಪಿನಲ್ಲಿ ಕಟ್ಟಿ ಎಳೆದರೆ ಟ್ಯಾಂಕಿನ ಕೆಳಗೆ ಅದೇ ದಾರಿಯಲ್ಲಿ ಬಂದು ಕೂರುತ್ತದೆ. ಬಿಚ್ಚಿದ ಹಳೇದನ್ನು ಎಣಿಸಿದರೆ ನಾಲ್ಕು ಎಳೆ ಹೋಗಿದ್ದವು.

ದಿನ 5: ಕಾಜಾ

ಕಾಜಾದ ಎತ್ತರ ಸುಮಾರು 3,650 ಮೀಟರ್. ಹುಬ್ಬಳ್ಳಿಗೆ ಬೆಳಿಗ್ಗೆಯೇ ತಲೆನೋವು, ತಿಂಡಿ ಸೇರಲಿಲ್ಲ. ಇನ್ನೂ ಮೇಲಿನ ಹಿಕ್ಕಿಂ ಅಂಚೆ ಕಚೇರಿಗೆ ಅವನನ್ನು ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ತಲೆನೋವಿದ್ದಾಗ ಮೇಲೆ ಹತ್ತಬಾರದು, ಇದ್ದಲ್ಲೇ ಇರಬೇಕು, ಜಾಸ್ತಿ ಆದರೆ ಇಳಿಯಬೇಕು. ಅವನು ಕೋಣೆಯಲ್ಲಿ ನೀರು ಕುಡಿಯುತ್ತಾ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯಲ್ಲಿ ಅನ್ನ ಕಲಸಿ ತಿನ್ನುತ್ತಾ ಉಳಿದ. ಸಂಜೆಗೆ ಎದ್ದು ಕೂತ.

ನಾನು ಮತ್ತು ಮೇಷ್ಟ್ರು ಹಿಕ್ಕಿಂ, ಕೋಮಿಕ್ ನೋಡಿ ಬಂದೆವು. ದಾರಿ ತುಂಬಾ ಸಡಿಲ ಜಲ್ಲಿ. ಅಂಥಲ್ಲಿ ಕೂತು ಓಡಿಸಿದರೆ ಬೈಕಿನ ಕುಣಿತವೆಲ್ಲಾ ಬೆನ್ನಿಗೆ ಬರುತ್ತದೆ. ಫುಟ್‌ರೆಸ್ಟ್ ಮೇಲೆ ನಿಂತು ಮೊಣಕಾಲಿನಲ್ಲಿ ಟ್ಯಾಂಕ್ ಒತ್ತಿ ಹಿಡಿದರೆ ಬೈಕು ತನ್ನ ಪಾಡಿಗೆ ಕುಣಿಯುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿಯಬಾರದು. ಕಣ್ಣು ಮುಂದಿನ ಕಲ್ಲಿನ ಮೇಲೆ ಇಟ್ಟರೆ ಚಕ್ರ ಅದಕ್ಕೇ ಹೋಗಿ ಹೊಡೆಯುತ್ತದೆ, ಅದೇನು ಮಾಯವೋ!

ದಿನ 6: ಕಾಜಾದಿಂದ ಚಂದ್ರತಾಲ್

ಕಾಜಾದಿಂದ ಮನಾಲಿ ಸುಮಾರು 200 ಕಿ.ಮೀ., ನಡುವೆ ಬಂಕ್ ಇಲ್ಲ. ಟ್ಯಾಂಕ್ ತುಂಬಿಸಿ ಹೊರಟೆವು. ಲೋಸರ್‌ನಲ್ಲಿ ಚಹಾ, ಆಮೇಲೆ ಕುಂಜುಮ್, 4,551 ಮೀಟರ್. ಅಲ್ಲಿನ ದೇವಿಯ ಗುಡಿಗೆ ವಾಹನಗಳೂ ಒಂದು ಸುತ್ತು ಪ್ರದಕ್ಷಿಣೆ ಹಾಕಿ ಹೋಗುತ್ತವೆ. ನಾವೂ ಹಾಕಿದೆವು.

ಇಳಿಜಾರು ಆಚೆ ಬದಿಯಲ್ಲಿ. ಎರಡು ಕಡೆ ಕೆಸರು ಕಲಸಿಕೊಂಡು ಚಂದ್ರತಾಲ್ ಸರೋವರದ ತಿರುವಿಗೆ ಬಂದು ಫೋಟೋಗೆ ಅಂತ ನಿಂತೆವು. ಹೊರಡುವಾಗ ಹುಬ್ಬಳ್ಳಿ ಕೂಗಿದ: "ಏ, ನ್ಯೂಟ್ರಲ್‌ನ್ಯಾಗ ಚಾಲೂ ಆಗತೈತಿ, ಗೇರ್ ಹಾಕಿದ್ರ ಬಂದ್ ಬೀಳತೈತಿ ನೋಡ್ಲೇ!"

ಒಂದು ಕ್ಷಣ ಎಲ್ಲರ ಮುಖವೂ ಬಿಳಿಚಿಕೊಂಡಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಆದರೆ ಹುಬ್ಬಳ್ಳಿ ಹೇಳಿದ ಆ ಒಂದು ಸಾಲಿನಲ್ಲೇ ಉತ್ತರ ಇತ್ತು. ಚಾಲೂ ಆಗುತ್ತದೆ ಅಂದರೆ ಬ್ಯಾಟರಿ ಸರಿ, ಪೆಟ್ರೋಲ್ ಸರಿ, ಪ್ಲಗ್ ಸರಿ. ಗೇರ್ ಹಾಕಿದರೆ ಮಾತ್ರ ನಿಲ್ಲುತ್ತದೆ ಅಂದರೆ ಸೈಡ್ ಸ್ಟ್ಯಾಂಡ್ ಇಳಿದಿದೆ ಅಂತ ಬೈಕು ತಿಳಿದುಕೊಂಡಿದೆ. ಸ್ಟ್ಯಾಂಡಿನ ಬುಡದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಕೂತು ನೋಡಿದರೆ ಅದರ ಸುತ್ತ ಕೆಸರು ಗಟ್ಟಿಯಾಗಿ ಅಂಟಿತ್ತು. ಸ್ಟ್ಯಾಂಡ್ ಮೇಲೆತ್ತಿದರೂ ಸ್ವಿಚ್ ಒಳಗೇ ಸಿಕ್ಕಿಕೊಂಡಿತ್ತು. ಬಾಟಲಿ ನೀರು ಸುರಿದು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಸ್ಟ್ಯಾಂಡನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿದ ಮೇಲೆ ಟಿಕ್ ಅಂದಿತು. ಗೇರ್ ಬಿತ್ತು, ಬೈಕು ಹೊರಟಿತು.

ಆ ಸ್ವಿಚ್ಚಿನ ವೈರುಗಳನ್ನು ಸೇರಿಸಿ ಕಟ್ಟಿಬಿಟ್ಟರೆ ಆಯಿತಲ್ಲ ಅನ್ನುವವರಿದ್ದಾರೆ. ಬೇರೆ ಏನೂ ದಾರಿ ಇಲ್ಲದಾಗ ಸರಿ. ಆದರೆ ಸ್ಟ್ಯಾಂಡ್ ಇಳಿಬಿಟ್ಟೇ ಎಡಕ್ಕೆ ತಿರುಗಿದರೆ ಅದು ನೆಲಕ್ಕೆ ತಾಗಿ ಬೈಕನ್ನು ಎತ್ತಿ ಒಗೆಯುತ್ತದೆ. ಆ ತಿರುವುಗಳ ಕೆಳಗೆ ಏನಿದೆ ಅಂತ ನೋಡಿದವರಿಗೆ ಈ ಉಪಾಯ ರುಚಿಸುವುದಿಲ್ಲ.

ಸರೋವರದ ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಕ್ಯಾಂಪುಗಳೆಲ್ಲಾ ಸ್ವಲ್ಪ ದೂರದಲ್ಲಿವೆ. ಅಲ್ಲೇ ಉಳಿದೆವು. ಚಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ.

ದಿನ 7: ಚಂದ್ರತಾಲ್‌ನಿಂದ ಮನಾಲಿ

ಇಲ್ಲಿನ ನಾಲಾಗಳಿಗೆ ಗಡಿಯಾರ ಇದೆ. ರಾತ್ರಿ ಚಳಿಗೆ ಹಿಮ ಕರಗುವುದು ನಿಂತು ಬೆಳಿಗ್ಗೆ ನೀರು ಕಡಿಮೆ ಇರುತ್ತದೆ. ಬಿಸಿಲೇರಿದ ಹಾಗೆ ಕರಗಿ ಮಧ್ಯಾಹ್ನಕ್ಕೆ ಮೊಣಕಾಲು ಮುಳುಗುವಷ್ಟಾಗುತ್ತದೆ. ಹಾಗಂತ ನಸುಕಿನಲ್ಲೇ ಹೊರಟರೆ ಕಲ್ಲಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿರುತ್ತದೆ. ಏಳು ಗಂಟೆಗೆ ಹೊರಟೆವು. ಟೈರಿನ ಗಾಳಿ ಸ್ವಲ್ಪ ಇಳಿಸಿದ್ದೆವು, ತೀರಾ ಅಲ್ಲ. ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ರಿಮ್ಮು ಟ್ಯೂಬನ್ನು ಕಚ್ಚಿ ಜೋಡಿ ತೂತು ಮಾಡುತ್ತದೆ.

ಬಾತಲ್ ಢಾಬಾದಲ್ಲಿ ಬಿಸಿ ಪರೋಟ ತಿಂದು ಮುಂದಕ್ಕೆ ಹೋದರೆ ರಸ್ತೆ ಅನ್ನುವುದು ನದಿಯ ಪಾತ್ರದ ಹಾಗಿದೆ. ಉರುಟು ಕಲ್ಲು, ತಲೆಬುರುಡೆಯಷ್ಟು ದೊಡ್ಡದು. ನಡುವೆ ಹುಬ್ಬಳ್ಳಿ, ಮುಂದೆ ಮೇಷ್ಟ್ರು, ಹಿಂದೆ ನಾನು. ಹಿಂದಿನವನು ಕನ್ನಡಿಯಲ್ಲಿ ಕಾಣದಿದ್ದರೆ ಮುಂದಿನವನು ನಿಲ್ಲಬೇಕು ಅನ್ನುವುದು ಮಾತು.

ಪ್ರತಿ ನಾಲಾದಲ್ಲೂ ಮೇಷ್ಟ್ರು ಮೊದಲು ಕೋಲು ಹಿಡಿದು ನಡೆದು ದಾಟುತ್ತಿದ್ದರು. ಅಲೆ ಅಲೆಯಾಗಿ, ಅಗಲವಾಗಿ ಹರಿಯುವಲ್ಲಿ ನೀರು ಕಡಿಮೆ. ಕಿರಿದಾಗಿ, ನುಣ್ಣಗೆ ಕಾಣುವಲ್ಲಿ ಆಳ. ಜೀಪು ಹೋದ ಜಾಡು ಸಲೀಸಾಗಿ ಕಾಣುತ್ತದೆ, ಆದರೆ ಚಕ್ರ ಕೊರೆದ ಗುಂಡಿ ಅದರಲ್ಲೇ ಇರುತ್ತದೆ. ದಾಟುವಾಗ ಒಂದನೇ ಗೇರ್, ಒಂದೇ ಸಮ ಆಕ್ಸಿಲರೇಟರ್, ಕಣ್ಣು ಆಚೆ ದಡದ ಮೇಲೆ. ನಡುನೀರಲ್ಲಿ ಕ್ಲಚ್ ಒತ್ತಿದರೆ ಬೈಕು ನಿಲ್ಲುತ್ತದೆ, ನಿಂತರೆ ಬೀಳುತ್ತದೆ.

ಛೋಟಾ ಧಾರಾ ದಾಟಿದ ಮೇಲಿನ ಒಂದು ನಾಲಾದಲ್ಲಿ ಹುಬ್ಬಳ್ಳಿ ಎಲ್ಲಾ ಸರಿಯಾಗಿಯೇ ಮಾಡಿದ್ದ. ಆದರೂ ಮುಂದಿನ ಚಕ್ರದಡಿ ಒಂದು ಕಲ್ಲು ಉರುಳಿತು, ಬೈಕು ಎಡಕ್ಕೆ ಮಲಗಿತು. ಏರ್ ಫಿಲ್ಟರ್ ಇರುವ ಬದಿ ನೀರಿನೊಳಗೆ. ಎಂಜಿನ್ ಒಂದು ಸಲ ಕೆಮ್ಮಿ ನಿಂತಿತು. ಅವನ ಕಾಲು ಲಗೇಜಿನ ಕೆಳಗೆ. ಕಟ್ಟಿದ್ದು ಬಟ್ಟೆಯ ಚೀಲ, ಕಾಲಲ್ಲಿ ಗಟ್ಟಿ ಬೂಟು, ಹಾಗಾಗಿ ಎಳೆದುಕೊಂಡ. ಅದೇ ಜಾಗದಲ್ಲಿ ಕಬ್ಬಿಣದ ಪೆಟ್ಟಿಗೆ ಮತ್ತು ಸಾದಾ ಶೂ ಇದ್ದಿದ್ದರೆ ಕಣಕಾಲು ಉಳಿಯುತ್ತಿತ್ತೋ ಇಲ್ಲವೋ.

ಎದ್ದು ನಿಂತವನೇ ಬೈಕು ಎತ್ತಿ ಸ್ಟಾರ್ಟರಿಗೆ ಹೆಬ್ಬೆರಳು ಹಾಕಿದ. "ಹೋಯ್, ಒತ್ಬೇಡ ಮಾರಾಯ! ಕೈ ತೆಗಿ!" ಮೇಷ್ಟ್ರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಮೇಲೆ ಬರುವಾಗ ಅದನ್ನು ಒತ್ತಲಾಗದು, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗಿತು ಅಂದರೆ ಪ್ರವಾಸ ಅಲ್ಲಿಗೇ ಮುಗಿಯಿತು.

ಎಂಜಿನ್ ಬಂದ್ ಮಾಡಿ ಬೈಕನ್ನು ತಳ್ಳಿದೆವು. ಹರಿವು ಬರುವ ಬದಿಗೆ ನಾವು, ನಮ್ಮ ಕೆಳಗೆ ಬೈಕು. ಮತ್ತೆ ಬಿದ್ದರೂ ನಮ್ಮ ಮೇಲೆ ಬೀಳಬಾರದು. ಹಿಂದೆ ಎಚ್‌ಆರ್‌ಟಿಸಿ (ಹಿಮಾಚಲದ ಸರ್ಕಾರಿ ಸಾರಿಗೆ) ಬಸ್ಸು ಬಂದು ನಿಂತಿತ್ತು. ಚಾಲಕ ಹಾರ್ನ್ ಮಾಡಲಿಲ್ಲ, ಪ್ಯಾಂಟು ಮಡಚಿಕೊಂಡು ಇಳಿದು ಬಂದು ಹಿಂದಿನಿಂದ ಕೈ ಹಾಕಿದರು. ಈ ದಾರಿಯಲ್ಲಿ ನಿಂತ ಬೈಕನ್ನು ಕೇಳದೆ ಯಾರೂ ಮುಂದೆ ಹೋಗುವುದಿಲ್ಲ.

ದಡದಲ್ಲಿ ಕೆಲಸ ಶುರು. ಏರ್ ಫಿಲ್ಟರ್ ಬಿಚ್ಚಿ ಹಿಂಡಿದರೆ ನೀರು ಇಳಿಯಿತು, ಅದನ್ನು ಬಿಸಿಲಿಗಿಟ್ಟೆವು. ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಮರಳನ್ನು ಊದಿ ತೆಗೆದೆವು, ಇಲ್ಲದಿದ್ದರೆ ಸೀದಾ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ವೈರನ್ನು ದೂರ ಸರಿಸಿ, ಈಗ ಸ್ಟಾರ್ಟರ್ ಒತ್ತಿದೆವು. ಪ್ಲಗ್ಗಿನ ತೂತಿನಿಂದ ಫುಸ್ ಅಂತ ನೀರು ಚಿಮ್ಮಿತು. ಮೂರ್ನಾಲ್ಕು ಸಲ ಒತ್ತಿದ ಮೇಲೆ ಬರೀ ಗಾಳಿ. ಆಯಿಲ್ ಕಿಟಕಿಯಲ್ಲಿ ನೋಡಿದರೆ ಬಣ್ಣ ಸ್ವಲ್ಪ ಮಾಸಲು, ಆದರೆ ಹಾಲಿನ ಹಾಗೆ ಬಿಳಿ ಆಗಿರಲಿಲ್ಲ. ಬಿಳಿಯಾಗಿದ್ದರೆ ಅಲ್ಲೇ ಆಯಿಲ್ ಇಳಿಸಬೇಕಿತ್ತು. ಪ್ಲಗ್ ಒರೆಸಿ, ಹಾಕಿ, ಒತ್ತಿದೆವು. ಹೊಗೆ ಉಗುಳಿ, ಅಡ್ಡಾದಿಡ್ಡಿ ಗುಟುರು ಹಾಕಿ, ಆಮೇಲೆ ಸಮವಾಯಿತು. ಹುಬ್ಬಳ್ಳಿ ಬೈಕಿಗೆ ಕೈ ಮುಗಿದ.

ಛತ್ರೂದಲ್ಲಿ ಅವನ ಬೂಟು ಬಿಚ್ಚಿಸಿ ನೋಡಿದೆವು. ಕಾಲು ಕೆಂಪಾಗಿತ್ತು, ಊತ ಇರಲಿಲ್ಲ. ಕ್ರೇಪ್ ಬ್ಯಾಂಡೇಜ್ ಸುತ್ತಿ, ನೀರಲ್ಲಿ ತೊಳೆದು ಹೋಗಿದ್ದ ಚೈನಿಗೆ ಎಣ್ಣೆ ಬಿಟ್ಟು ಹೊರಟೆವು. ಗ್ರಾಂಫೂದಲ್ಲಿ ಟಾರ್ ಸಿಕ್ಕಿತು. ನನ್ನ ಪ್ರಕಾರ ನಿಜವಾದ ಅಪಾಯ ಇಲ್ಲಿದೆ. ಕೈ ಸೋತಿರುತ್ತದೆ, ಟೈರಲ್ಲಿ ಗಾಳಿ ಕಡಿಮೆ, ಬ್ರೇಕಿನಲ್ಲಿ ಕೆಸರು, ಆದರೂ ನುಣುಪು ರಸ್ತೆ ಕಂಡ ಕೂಡಲೇ ಕೈ ತಾನಾಗಿ ತಿರುಗುತ್ತದೆ. ಗಾಳಿ ತುಂಬಿಕೊಂಡು, ಬ್ರೇಕನ್ನು ನಾಲ್ಕು ಸಲ ಒತ್ತಿ ಒಣಗಿಸಿ, ನಿಧಾನವಾಗಿ ಕೋಕ್ಸರ್ ದಾಟಿದೆವು. 2020ರಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಹೊಕ್ಕು ಆಚೆ ಬಂದರೆ ಪೈನ್ ಮರಗಳು, ಜನ, ಟ್ರಾಫಿಕ್ ಜಾಮು.

ದಿನ 8: ಮನಾಲಿ

ಮೆಕ್ಯಾನಿಕ್ ಬಾಡಿಗೆ ಬೈಕಿನ ಆಯಿಲ್ ಇಳಿಸಿ ಹೊಸದು ಹಾಕಿದ, ಒಂದಷ್ಟು ದೂರ ಓಡಿಸಿ ಬನ್ನಿ, ಇನ್ನೊಮ್ಮೆ ಬದಲಿಸಬೇಕು ಅಂದ. ಶಿಮ್ಲಾದಲ್ಲಿ ಅರ್ಧ ಇದ್ದ ಮುಂದಿನ ಬ್ರೇಕ್ ಪ್ಯಾಡು ಈಗ ಕಬ್ಬಿಣಕ್ಕೆ ಬಂದಿತ್ತು. ಕೆಸರು, ಮರಳು ಅರೆದು ತಿಂದಿದ್ದವು. ಪ್ಯಾಡಿನ ದುಡ್ಡು ಯಾರು ಕೊಡಬೇಕು ಅಂತ ಹುಬ್ಬಳ್ಳಿ ಬಾಡಿಗೆಯವನ ಜೊತೆ ಫೋನಲ್ಲಿ ಅರ್ಧ ಗಂಟೆ ಜಗಳ ಆಡಿದ. ಶಿಮ್ಲಾದಲ್ಲಿ ಮೇಷ್ಟ್ರು ತೆಗೆದಿಟ್ಟಿದ್ದ ಪ್ಯಾಡಿನ ಫೋಟೋ ಕಳಿಸಿದ ಮೇಲೆ ಅರ್ಧರ್ಧ ಅಂತ ತೀರ್ಮಾನವಾಯಿತು.

ಕುಲ್ಲುವರೆಗೆ ಹೋಗಿ ಬಂದು ಎರಡನೇ ಸಲ ಆಯಿಲ್ ಇಳಿಸಿದಾಗ ಬಣ್ಣ ಸರಿ ಇತ್ತು. ಅಷ್ಟೊತ್ತಿಗೆ ಸಂಜೆಯಾಗಿತ್ತು. ಚಂಡೀಗಢಕ್ಕೆ ಇನ್ನೂ 300 ಕಿ.ಮೀ. ಇದೆ, ಬೆಳಿಗ್ಗೆ ಐದಕ್ಕೆ ಹೊರಡೋಣ ಅಂದರು ಮೇಷ್ಟ್ರು. ಹುಬ್ಬಳ್ಳಿ ಆರೂವರೆಗೆ ಒಪ್ಪಿಸಿದ.